ಹೊಸದುರ್ಗದ ಬಾಡಿಗೆ ಮನೆ ಮತ್ತು ಒಂದು ಕರೆಂಟು ಪೆಟ್ಟಿಗೆ

ಹೊಸದುರ್ಗದ ಬಾಡಿಗೆ ಮನೆಗೆ ಬಂದ ಮೊದಲ ದಿನ ನಾನು ಒಗೆದು ಹರವಿದ್ದ ಚೂಡಿದಾರ ಅರ್ಧ ಗಂಟೆಯಲ್ಲಿ ಒಣಗಿ ಹಪ್ಪಳದಂತೆ ಸೆಟೆದುಕೊಂಡಿತ್ತು. ಅದು ಜುಲೈ ತಿಂಗಳು. ನಮ್ಮ ಬೈಂದೂರಿನ ಕಡೆ ಜುಲೈನಲ್ಲಿ ಬಟ್ಟೆ ಒಣಗಿಸುವುದೆಂದರೆ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ನಾಲ್ಕು ದಿನ ಕಾಯುವುದು. ಆಮೇಲೂ ಹೊಗೆಯ ವಾಸನೆಯ ಅರೆಹಸಿ ಬಟ್ಟೆಯನ್ನೇ ತೊಡುವುದು. ಇಲ್ಲಿ ಆ ಬಟ್ಟೆಯನ್ನು ಮುಟ್ಟಿದಾಗ ನನಗೆ ಖುಷಿಯಾಗಲಿಲ್ಲ, ಏನೋ ತಪ್ಪಾಗಿದೆ ಎನಿಸಿತು. ತುಟಿ ಒಡೆದಿತ್ತು. ಗಾಳಿ ಒಂದೇ ಸಮನೆ ಬೀಸುತ್ತಿತ್ತು, ಆದರೆ ಅದರಲ್ಲಿ ಉಪ್ಪಿನ ರುಚಿ ಇರಲಿಲ್ಲ.

ದೂರದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಇಲ್ಲಿಯವರು ಅವುಗಳನ್ನು ಫ್ಯಾನು ಎನ್ನುತ್ತಾರೆ. ಅಂದು ಸಂಜೆ ಮನೆಯಲ್ಲಿ ಕರೆಂಟು ಹೋಯಿತು. ಅಷ್ಟೊಂದು ಫ್ಯಾನು ತಿರುಗುವಾಗ ಕರೆಂಟು ಹೇಗೆ ಹೋಗುತ್ತದೆ ಎಂದು ಮನೆಯೊಡತಿ ಗಿರಿಜಮ್ಮನನ್ನು ಕೇಳಿದೆ. ಅದು ಎಲ್ಲೆಲ್ಲಿಗೋ ಹೋಗುತ್ತದೆ, ನಮ್ಮ ಬೀದಿಗೆ ಬರುವುದು ಬೇರೆ ಎಂದರು ಆಕೆ.

ನಾನು ಕಣ್ಣು ಪರೀಕ್ಷೆ ಮಾಡುವವಳು. ಊರೂರಿಗೆ ಹೋಗಿ ಕಣ್ಣಿನ ಕ್ಯಾಂಪು ನಡೆಸುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿ, ಮೂವತ್ತೆಂಟನೆಯ ವಯಸ್ಸಿನಲ್ಲಿ ಒಬ್ಬಳೇ ಘಟ್ಟ ಹತ್ತಿ ಬಂದೆ. ಬಾಡಿಗೆ ಮನೆ ಹುಡುಕುವಾಗ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ: ಯಜಮಾನರು ಏನು ಮಾಡುತ್ತಾರೆ, ಮೀನು ತಿನ್ನುತ್ತೀರಾ. ಮೊದಲನೆಯದಕ್ಕೆ ಯಜಮಾನರೇ ಇಲ್ಲ ಎಂದೂ ಎರಡನೆಯದಕ್ಕೆ ಹೌದು ಎಂದೂ ಹೇಳಿ ಐದು ಮನೆಗಳ ಬಾಗಿಲಿನಿಂದ ವಾಪಸು ಬಂದೆ. ಗಿರಿಜಮ್ಮ ಮಾತ್ರ, ಒಳಗೆ ಮೀನು ಬೇಯಿಸಬೇಡಿ, ಹೊರಗೆ ಏನಾದರೂ ತಿನ್ನಿ ಎಂದು ತಮ್ಮ ಮನೆಯ ಪಕ್ಕದ ಎರಡು ಕೋಣೆ ಕೊಟ್ಟರು.

ಮಾತು ಕಲಿಯುವುದೂ ಇತ್ತು. ನಾಳೆ ಹಟ್ಟಿಗೆ ಹೋಗಬೇಕು ಎಂದು ನಮ್ಮ ಜೀಪಿನ ಡ್ರೈವರ್ ಮಂಜಣ್ಣ ಹೇಳಿದಾಗ, ದನದ ಕೊಟ್ಟಿಗೆಯಲ್ಲಿ ಯಾರ ಕಣ್ಣು ನೋಡುವುದು ಎಂದು ಗಾಬರಿಯಾಗಿದ್ದೆ. ನಮ್ಮಲ್ಲಿ ಹಟ್ಟಿಯೆಂದರೆ ಕೊಟ್ಟಿಗೆ. ಇಲ್ಲಿ ಊರಾಚೆಯ ಪುಟ್ಟ ಕೇರಿ. ನಮ್ಮಲ್ಲಿ 'ಹೋಪ' ಎನ್ನುವುದಕ್ಕೆ ಇಲ್ಲಿ 'ಹೋಗಾಣ'. ಕೆಲವು ತಿಂಗಳಲ್ಲಿ ನಾನು ಹೋಗಾಣ ಎನ್ನುವುದನ್ನು ಕಲಿತೆ. ಆದರೆ ಯಾರ ಜೊತೆ ಎಂದು ಕೇಳಿದರೆ ಮಂಜಣ್ಣನ ಹೆಸರು ಬಿಟ್ಟರೆ ಇನ್ನೊಂದು ಇರಲಿಲ್ಲ.

ಹಟ್ಟಿಗಳಲ್ಲಿ ಕರೆಂಟನ್ನು ನಂಬುವಂತಿಲ್ಲ. ಅದಕ್ಕೆ ಸಂಸ್ಥೆಯವರು ನನ್ನ ಕೈಗೆ ಒಂದು ಬ್ಯಾಟರಿ ಪೆಟ್ಟಿಗೆ ಕೊಟ್ಟಿದ್ದರು. ಪವರ್ ಸ್ಟೇಷನ್ ಎಂದು ಅದರ ಹೆಸರು. ಅಕ್ಕಿ ಡಬ್ಬದಷ್ಟು ದೊಡ್ಡದು, ಮೇಲೆ ಹಿಡಿಕೆ, ಮುಂದೆ ಮನೆಯ ಗೋಡೆಯಲ್ಲಿರುವಂಥದೇ ಪ್ಲಗ್ಗು, ಎಷ್ಟು ಉಳಿದಿದೆ ಎಂದು ತೋರಿಸುವ ಸಣ್ಣ ಪರದೆ. ಬೇವಿನ ಮರದ ಕೆಳಗೆ ಇಟ್ಟು ಕಣ್ಣಿನ ಯಂತ್ರಕ್ಕೆ ಜೋಡಿಸಿದರೆ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿತ್ತು. ಜನ ಅದನ್ನು ಕರೆಂಟು ಪೆಟ್ಟಿಗೆ ಎಂದರು. ನನ್ನನ್ನು ಪೆಟ್ಟಿಗೆ ಮೇಡಂ ಎಂದರು. ಪ್ರತಿದಿನ ಅದನ್ನು ಮನೆಗೆ ತಂದು ಚಾರ್ಜಿಗೆ ಹಾಕುವುದು ನನ್ನ ಜವಾಬ್ದಾರಿ.

ಗಿರಿಜಮ್ಮನ ಗಂಡ ರುದ್ರಪ್ಪನವರು ಬಹಳ ವರ್ಷ ಕಲ್ಲಿನ ಕ್ರಷರಿನಲ್ಲಿ ದುಡಿದವರು. ಆ ಧೂಳು ಅವರ ಎದೆಯಲ್ಲಿ ಉಳಿದುಬಿಟ್ಟಿತ್ತು. ನಾನು ಬಂದ ವರ್ಷದ ಚಳಿಗಾಲದಲ್ಲಿ ಆಸ್ಪತ್ರೆಯಿಂದ ಅವರನ್ನು ಮನೆಗೆ ಕಳಿಸುವಾಗ ಆಮ್ಲಜನಕ ಕೊಡುವ ಯಂತ್ರವನ್ನೂ ಕೊಡಿಸಿದರು. ಹಗಲೂ ರಾತ್ರಿ ಅದು ಗೋಡೆಯಾಚೆ ಗುಂಯ್ ಎನ್ನುತ್ತಿತ್ತು. ಮೊದಮೊದಲು ಕಿರಿಕಿರಿಯಾಯಿತು. ನಂತರ ಆ ಸದ್ದಿಲ್ಲದೆ ನನಗೆ ಊಟ ಸೇರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕಡಲಿನ ಸದ್ದು ಹೀಗೇ ಇರುತ್ತಿತ್ತು, ಕೇಳುತ್ತಿದ್ದೇನೆ ಎಂಬುದೇ ಗೊತ್ತಾಗದ ಹಾಗೆ.

ಏಪ್ರಿಲ್‌ನ ಒಂದು ಮಧ್ಯಾಹ್ನ ಕಪ್ಪು ಮೋಡ ಕವಿದು, ಧೂಳೆದ್ದು, ಆಲಿಕಲ್ಲು ಬಿತ್ತು. ಬೀದಿಯ ಎರಡು ಕಂಬ ಉರುಳಿದವು. ಗೋಡೆಯಾಚೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಗಿರಿಜಮ್ಮ ಒದ್ದೆಯಾಗಿ ನನ್ನ ಬಾಗಿಲಿಗೆ ಬಂದರು. ಮನೆಯ ಯುಪಿಎಸ್ ಬ್ಯಾಟರಿ ಹೋಗಿ ತಿಂಗಳಾಗಿದೆ, ಆಂಬುಲೆನ್ಸಿಗೆ ಫೋನು ಮಾಡಿದರೆ ದಾರಿಗೆ ಮರ ಬಿದ್ದಿದೆ ಅಂತಾರೆ ಎಂದು ಒಂದೇ ಉಸಿರಿಗೆ ಹೇಳಿದರು.

"ಆ ಪೆಟ್ಟಿಗೆ ಒಂದೀಟು ಕೊಡ್ರಿ ಮೇಡಂ. ಇವ್ರಿಗೆ ಉಸ್ರು ಹಿಡಿತಾ ಐತೆ."

ನಾನು ಏನು ಹೇಳಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. "ಅದು ಆಫೀಸಿನದ್ದಲ್ಲವಾ, ನಾಳೆ ಕ್ಯಾಂಪಿದೆ" ಎಂದೆ. ಯಲ್ಲದಕೆರೆಯ ಆಚೆಯ ಹಟ್ಟಿಯಲ್ಲಿ ನಲವತ್ತು ಜನರಿಗೆ ಹೇಳಿ ಕಳಿಸಿಯಾಗಿತ್ತು. ಪೆಟ್ಟಿಗೆ ತುಂಬಿತ್ತು, ಖಾಲಿಯಾದರೆ ಮತ್ತೆ ತುಂಬಲು ಊರಿಗೇ ಕರೆಂಟಿಲ್ಲ. ಬೇರೆ ಕೆಲಸಕ್ಕೆ ಕೊಟ್ಟರೆ ಕೆಲಸ ಹೋಗುತ್ತದೆ ಎಂದು ಸಂಸ್ಥೆಯವರು ಮೊದಲೇ ಹೇಳಿದ್ದರು.

ಗಿರಿಜಮ್ಮ ಸೆರಗು ಹಿಂಡಿಕೊಂಡು ಹೋದರು. ನಾನು ಬಾಗಿಲು ಹಾಕಿ ಮಂಚದ ಮೇಲೆ ಕೂತೆ. ಗೋಡೆಯಾಚೆಯಿಂದ ಕೆಮ್ಮಾದರೂ ಕೇಳಿದ್ದರೆ ಧೈರ್ಯವಿರುತ್ತಿತ್ತು. ಏನೂ ಕೇಳಲಿಲ್ಲ. ಎರಡು ನಿಮಿಷವೋ ಐದೋ ಗೊತ್ತಿಲ್ಲ, ಪೆಟ್ಟಿಗೆಯನ್ನು ಎತ್ತಿಕೊಂಡು ಮಳೆಯಲ್ಲೇ ಓಡಿದೆ.

ರುದ್ರಪ್ಪನವರು ಗೋಡೆಗೆ ಒರಗಿ, ಬಾಯಿ ತೆರೆದು, ಕಣ್ಣು ಎಲ್ಲೋ ನೆಟ್ಟು ಕೂತಿದ್ದರು. ತುಟಿ ಕಪ್ಪಿಟ್ಟಿತ್ತು. ಪ್ಲಗ್ಗು ಹಾಕಿದೆ; ಯಂತ್ರ ಗುಂಯ್ ಎಂದಿತು. ಕಣ್ಣಿನ ಯಂತ್ರ ಇಡೀ ದಿನ ಕುಡಿಯುವಷ್ಟನ್ನು ಇದು ಮೂರು ಗಂಟೆಯೊಳಗೆ ಕುಡಿದುಬಿಡುತ್ತದೆಂದು ಪರದೆ ನೋಡಿದೊಡನೆ ತಿಳಿಯಿತು. ಅದನ್ನು ಗಿರಿಜಮ್ಮನಿಗೆ ಹೇಳಲಿಲ್ಲ. ಆಕೆ ಗಂಡನ ಪಾದ ತಿಕ್ಕುತ್ತಿದ್ದರು, ನಾನು ಪರದೆ ನೋಡುತ್ತಿದ್ದೆ. ತೊಂಬತ್ತು. ಅರವತ್ತೆಂಟು. ನಲವತ್ತು. ನಡುವೆ ರುದ್ರಪ್ಪನವರು ಕೈಸನ್ನೆ ಮಾಡಿ, ನನಗೆ ತಲೆ ಒರೆಸಿಕೊಳ್ಳಲು ಟವೆಲ್ಲು ಕೊಡು ಎಂದು ಹೆಂಡತಿಗೆ ತೋರಿಸಿದರು. ಹನ್ನೆರಡು ಎಂದು ತೋರಿಸುವಾಗ ಬೀದಿಯಲ್ಲಿ ಆಂಬುಲೆನ್ಸು ನಿಂತಿತು.

ಮರುದಿನ ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನೇ ಜೀಪಿಗೆ ಹಾಕಿಕೊಂಡು ಹಟ್ಟಿಗೆ ಹೋದೆ. ಫೋನು ಮಾಡಿ ಹೇಳಿದರೆ ಸಾಕಾಗಿತ್ತು ಎಂದ ಮಂಜಣ್ಣ. ನನಗೆ ಹಾಗೆನಿಸಲಿಲ್ಲ. ಬೇವಿನ ಮರದ ಕೆಳಗೆ ಜನ ಆಗಲೇ ಕೂತಿದ್ದರು. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಒಬ್ಬ ನಡುವಯಸ್ಸಿನವನು ಎದ್ದು, ಒಂದು ದಿನದ ಕೂಲಿ ಬಿಟ್ಟು ಬಂದಿದ್ದೇನೆ, ನಮ್ಮ ಪಾಲಿನದನ್ನು ಇನ್ನೊಬ್ಬರಿಗೆ ಕೊಡಲು ನೀವು ಯಾರು ಎಂದು ಕೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಮುಂದೆ ಕೂತಿದ್ದ ಮುದುಕಿಯ ಹೆಸರು ಕರಿಯಮ್ಮ. ಕಂಬಳಿಗೆ ಉಣ್ಣೆ ನೂಲುವಾಕೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊಮ್ಮಗಳ ಭುಜ ಹಿಡಿದು ದೂರದಿಂದ ನಡೆದು ಬಂದಿದ್ದಳು. ನಾನಿದ್ದ ಕಡೆಗೆ ಮುಖ ತಿರುಗಿಸಿ ಕೇಳಿದಳು.

"ಆ ಯಪ್ಪ ಉಳ್ಕಂಡ್ನಾ?"

"ಉಳ್ಕಂಡ್ರು ಅಜ್ಜಿ."

"ಹಂಗಾದ್ರೆ ನಂದು ಇನ್ನೊಂದ್ ವಾರ ತಡಿತೈತೆ ಬಿಡವ್ವ."

ಉಳಿದವರು ಎದ್ದು ಹೋದರು. ಕೂಲಿ ಬಿಟ್ಟು ಬಂದವನು ಮುಂದಿನ ವಾರದ ಕ್ಯಾಂಪಿಗೆ ಬರಲಿಲ್ಲ. ಅವನ ಕಣ್ಣಿಗೆ ಏನಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕರಿಯಮ್ಮ ಬಂದಳು, ಆಪರೇಷನ್ನೂ ಆಯಿತು. ಸಂಸ್ಥೆಯವರು ಕೆಲಸದಿಂದ ತೆಗೆಯಲಿಲ್ಲ, ಆದರೆ ನಾನು ತಪ್ಪಾಯಿತೆಂದು ಒಂದು ಪತ್ರ ಬರೆದುಕೊಡಬೇಕಾಯಿತು. ಬರೆದುಕೊಟ್ಟೆ.

ರುದ್ರಪ್ಪನವರು ಎಂಟು ದಿನಕ್ಕೆ ಮನೆಗೆ ಬಂದರು. ಅಂದಿನಿಂದ ಗಿರಿಜಮ್ಮ ನನ್ನನ್ನು ಮೇಡಂ ಎನ್ನುವುದನ್ನು ಬಿಟ್ಟು ಅವ್ವ ಎಂದರು. ರಾತ್ರಿಯ ಊಟ ಅವರ ಮನೆಯಲ್ಲೇ ಆಯಿತು. ಮುದ್ದೆಯನ್ನು ಅಗಿಯದೆ ನುಂಗಲು ರುದ್ರಪ್ಪನವರೇ ಕಲಿಸಿದರು. ನಾನು ಅಗಿದಾಗಲೆಲ್ಲ ಅವರು ಉಸಿರು ಸಾಲದಿದ್ದರೂ ನಗುತ್ತಿದ್ದರು. ಬಾಗಿಲಲ್ಲಿ ನಾನು ಮೊದಲು ಹೇಳಿದ ಮಾತನ್ನು ಗಿರಿಜಮ್ಮ ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ದೀಪಾವಳಿಗೆ ಮೊದಲೇ ರುದ್ರಪ್ಪನವರು ತೀರಿಕೊಂಡರು. ಆ ದಿನ ಕರೆಂಟು ಇತ್ತು, ಯಂತ್ರವೂ ನಡೆಯುತ್ತಿತ್ತು. ಗಿರಿಜಮ್ಮ ಭೀಮಸಮುದ್ರದ ತಂಗಿಯ ಮನೆಗೆ ಹೋದರು. ಇಡೀ ಮನೆ ನನ್ನ ಪಾಲಿಗೆ ಬಂತು. ಗೋಡೆಯಾಚೆ ಏನೂ ಕೇಳದ ಆ ಮನೆಯಲ್ಲಿ ಎಷ್ಟೋ ಸಂಜೆ ನಾನು ಫೋನಿನಲ್ಲಿ ವಾರ್ತೆ ಹಾಕಿ ಆಚೆಯ ಕೋಣೆಯಲ್ಲಿಟ್ಟು ಈಚೆ ಕೂತು ಊಟ ಮಾಡಿದ್ದೇನೆ.

ಈ ಮಳೆಗಾಲದಲ್ಲಿ ರಜೆ ಹಾಕಿ ಊರಿಗೆ ಬಂದೆ. ಅಣ್ಣನ ಮನೆ. ಮೀನಿನ ಸಾರು, ಕುಚ್ಚಲಕ್ಕಿ ಅನ್ನ, ಒಣಗದ ಬಟ್ಟೆ, ಎಲ್ಲ ಇದ್ದಂತೆಯೇ ಇದೆ. ಪಾತ್ರೆ ತೊಳೆಯಲು ಹೋದರೆ ಅತ್ತಿಗೆ, "ನೀವ್ ಕೂಕಣಿ" ಎನ್ನುತ್ತಾಳೆ. ಕೂತುಕೊಳ್ಳಿ ಎಂದರ್ಥ. ನಮ್ಮ ಕಡೆ ಅದು ನೆಂಟರಿಗೆ ಹೇಳುವ ಮಾತು. ಮೊದಲು ನನಗೆ ಹಾಗೆ ಹೇಳುತ್ತಿರಲಿಲ್ಲ.

ನಿನ್ನೆ ಗಿರಿಜಮ್ಮನ ಫೋನು ಬಂತು. ಹೇಳದೆ ಕೇಳದೆ ಭೀಮಸಮುದ್ರದಿಂದ ಬಸ್ಸು ಹತ್ತಿ ಹೊಸದುರ್ಗಕ್ಕೆ ಬಂದಿದ್ದರಂತೆ.

"ಬೀಗ ಹಾಕೈತಲ್ಲವ್ವ."

ನಾಳೆಯೇ ಹೊರಡುತ್ತೇನೆ, ಅಲ್ಲಿಯವರೆಗೆ ಪಕ್ಕದ ಮನೆಯಲ್ಲಿರಿ ಎಂದೆ. ಬೇಡ, ನಿಮ್ಮವರ ಜೊತೆ ನಾಲ್ಕು ದಿನ ಇರು, ನಾನು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತಿದ್ದು ಸಂಜೆಯ ಬಸ್ಸಿಗೆ ಹೋಗುತ್ತೇನೆ ಎಂದರು. ಆಮೇಲೂ ಫೋನು ಇಡಲಿಲ್ಲ. ಆ ಕಡೆಯಿಂದ ಗಾಳಿಯ ಸದ್ದು ಬರುತ್ತಿತ್ತು, ಈ ಕಡೆ ಮಳೆ.

ಫೋನು ಇಟ್ಟ ಮೇಲೆ ಯಾರದ್ದು ಎಂದು ಅತ್ತಿಗೆ ಒಳಗಿನಿಂದ ಕೇಳಿದಳು.

"ಮನೆಯಿಂದ" ಎಂದೆ.

ಬಲೆ ಹೊಲಿಯುತ್ತಿದ್ದ ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ. ತಿದ್ದಿ ಹೇಳೋಣವೆಂದರೆ ನನಗೆ ಬೇರೆ ಮಾತು ಸಿಗಲಿಲ್ಲ. ಅವನು ಮತ್ತೆ ಬಲೆಯ ಕಡೆಗೆ ಬಗ್ಗಿದ.