ಹರಿದ ಮೂಲೆಯ ಕಾರ್ಡು

ಅವ್ವನ ತಗಡಿನ ಟ್ರಂಕು ತೆರೆದರೆ ಮೊದಲು ಡಾಂಬರು ಗುಳಿಗೆಯ ವಾಸನೆ, ಅದರ ಬೆನ್ನಿಗೇ ಹಳೇ ಇಳಕಲ್ ಸೀರೆಯದು. ಮೊನ್ನೆ ಕೌದಿ ಹುಡುಕಲು ತೆರೆದವನಿಗೆ ಸೀರೆಯ ಮಡಿಕೆಯಲ್ಲಿ ಸಾಲಹಳ್ಳಿ ಮಾವನ ಕಾರ್ಡುಗಳು ಸಿಕ್ಕವು. ಕೌದಿ ಅಲ್ಲಿಗೇ ಮರೆತುಹೋಯಿತು.

ಮಾವ ಅಂದರೆ ಅವ್ವನ ಅಣ್ಣ, ಒಕ್ಕಲುತನದವರು. ಬೈಲಹೊಂಗಲಕ್ಕೆ ಕೊಟ್ಟ ತಂಗಿಗೆ ಓದು ಬಾರದು, ತವರಿನ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳುವುದೂ ಆಕೆಗೆ ಸೇರದು. ಅದಕ್ಕೆ ಮಾವ ವಿಳಾಸವನ್ನಷ್ಟೇ ಅಕ್ಷರದಲ್ಲಿ ಬರೆದು ಉಳಿದದ್ದನ್ನೆಲ್ಲ ಚಿತ್ರದಲ್ಲಿ ಹೇಳುತ್ತಿದ್ದರು. ಏನು ಕೈ ಅಂತೀರಿ! ಎತ್ತಿನ ಬೆನ್ನು ಪೆನ್ನು ಎತ್ತದೆ ಒಂದೇ ಗೆರೆಯಲ್ಲಿ ಮುಗಿಯುತ್ತಿತ್ತು. ಜೋಳದ ತೆನೆ ಬಾಗಿದ್ದರೆ ಪೀಕು ಚಲೋ, ನೆಟ್ಟಗಿದ್ದರೆ ಕಾಳು ಕಟ್ಟಿಲ್ಲ. ನಾನೂ ನೋಡಿ ಬರೆಯಲು ಹೋದದ್ದುಂಟು. ನನ್ನ ಎತ್ತುಗಳೆಲ್ಲ ಕತ್ತೆಯಾಗುತ್ತಿದ್ದವು. ಕೆಳಗಿನ ಮೂಲೆಯಲ್ಲಿ ತಪ್ಪದೆ ಒಂದು ಪುಟ್ಟ ಮನೆ, ತೆರೆದ ಬಾಗಿಲು. ತಂಗೀ, ಬಂದುಹೋಗು ಅಂತ ಅದರ ಅರ್ಥ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಮಾವ ತಮ್ಮ ಮಗ ಬಸುವಿಗೆ ನಮ್ಮ ಅಕ್ಕನನ್ನು ಕೇಳಿದರು. ನಮ್ಮ ಕಡೆ ಸೋದರಮಾವ ಹೆಣ್ಣು ಕೇಳುವುದು ಕೇಳುವುದಲ್ಲ, ಹಕ್ಕು. ಅಕ್ಕ ಧಾರವಾಡದ ಕಾಲೇಜಿಗೆ ಹೊರಟು ನಿಂತಿದ್ದಳು, ಅವ್ವ ಒಲ್ಲೆ ಅಂದಳು. ಮಾವ ಚಹಾ ಮುಟ್ಟದೆ ಎದ್ದುಹೋದರು. ಸುಗ್ಗಿ ಕಳೆಯಿತು, ಮುಂಗಾರು ಬಂತು, ಕಾರ್ಡು ಮಾತ್ರ ಬರಲಿಲ್ಲ. ಪೋಸ್ಟ್‌ಮನ್ ಸೈಕಲ್ಲಿನ ಗಂಟೆ ಕೇಳಿದರೆ ಅವ್ವ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡುತ್ತಿದ್ದಳು. ಕರಕಲು ರೊಟ್ಟಿಯನ್ನು ನಾವು ಬಾಯಿ ಮುಚ್ಚಿಕೊಂಡು ತಿನ್ನುತ್ತಿದ್ದೆವು.

ಕೊನೆಗೊಮ್ಮೆ ಕಾರ್ಡು ಬಂತು. ನೋಡಿದರೆ ಮೂಲೆ ಹರಿದಿದೆ! ಸಾವಿನ ಸುದ್ದಿಯ ಕಾರ್ಡಿಗೆ ಮೂಲೆ ಹರಿದು ಕಳಿಸುವುದು, ಅದನ್ನು ಮನೆಯೊಳಗೆ ತರದಿರುವುದು ಪದ್ಧತಿ. ಅವ್ವ ಹೊಸ್ತಿಲಲ್ಲೇ ಕುಸಿದು, "ಅಣ್ಣಾ, ಹೋದೆಲ್ಲೊ!" ಅಂತ ಅಳತೊಡಗಿದಳು.

ಪಕ್ಕದ ಮನೆಯ ನೀಲವ್ವ ಕಾರ್ಡು ಇಣುಕಿ ನೋಡಿದಳು. "ಏ ಯವ್ವಾ, ಸತ್ತಾವ ತಾನ ಎತ್ತ ಬರದ ಕಳಸ್ತಾನೇನ?"

"ಆಡು ಬಾಯಿ ಹಾಕೇತ್ರಿ," ಎಂದ ಪೋಸ್ಟ್‌ಮನ್, ಅಪರಾಧಿಯಂತೆ.

ಅವ್ವ ಅಳುತ್ತಲೇ ನಕ್ಕಳು. ಮರುಗಳಿಗೆಯಲ್ಲಿ ನಗು ನಿಂತಿತು. ಎತ್ತಿತ್ತು, ತೆನೆಯಿತ್ತು, ಮನೆಯ ಒಂದು ಗೋಡೆಯೂ ಇತ್ತು. ಬಾಗಿಲು ಮಾತ್ರ ಆಡಿನ ಹೊಟ್ಟೆಯಲ್ಲಿತ್ತು.

"ಕದಾ ತಗದಿತ್ತೋ, ಹಾಕಿತ್ತೋ?" ಅಂತ ಅಂದೆಲ್ಲ ಅವ್ವನದು ಅದೇ ಮಾತು.

ಮರುದಿನ ಶೇಂಗಾ ಹೋಳಿಗೆ ಕಟ್ಟಿಕೊಂಡು, ನನ್ನನ್ನೂ ಎಬ್ಬಿಸಿಕೊಂಡು ರಾಮದುರ್ಗದ ಬಸ್ಸು ಹತ್ತಿದಳು. ಮಾವ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ಅವ್ವ ಆರಾಮ ಅಂತಲೂ ಕೇಳದೆ ಕಾರ್ಡು ಮುಂದೆ ಹಿಡಿದಳು. "ಅಣ್ಣಾ, ಇಲ್ಲಿ ಕದಾ ಹೆಂಗ ಬರದಿದ್ದಿ?"

ಮಾವ ಕಾರ್ಡನ್ನು ತಿರುವಿ ತಿರುವಿ ನೋಡಿದರು.

"ಹುಚ್ಚಿ, ಹಾಕಿದ ಕದಾ ತೋರ್ಸಾಕ ಯಾರರ ಕಾರ್ಡ ಬರೀತಾರೇನ? ನಡಿ ಒಳಗ."

ಆಮೇಲೆ ಮನೆಮನೆಗೆ ಫೋನು ಬಂತು, ಕಾರ್ಡು ನಿಂತವು. ಮಾವ ಹೋದರು, ಅವ್ವನೂ ಹೋದಳು. ಸಾಲಹಳ್ಳಿಯಲ್ಲೀಗ ಬಸು ಇದ್ದಾನೆ. ದಿನಾ ಬೆಳಗಾದರೆ ಮೊಬೈಲಿನಲ್ಲಿ ಅವನೂ ನಾನೂ ಒಬ್ಬರಿಗೊಬ್ಬರು ಯಾರೋ ತೆಗೆದ ಗುಲಾಬಿ ಹೂವಿನ ಫೋಟೊ ಕಳಿಸಿಕೊಳ್ಳುತ್ತೇವೆ, ಅಷ್ಟೇ.

ಇವತ್ತು ಪೋಸ್ಟಾಫೀಸಿಗೆ ಹೋಗಿ ಒಂದು ಕಾರ್ಡು ತಂದು ಬಸುವಿನ ವಿಳಾಸ ಬರೆದೆ. ಎತ್ತಿನ ಗೊಡವೆಗೆ ಹೋಗಲಿಲ್ಲ, ಮನೆಯೊಂದನ್ನೇ ಬರೆದೆ. ನನ್ನ ಕೈ ನಿಮಗೆ ಗೊತ್ತೇ ಇದೆ, ಮನೆಗಿಂತ ಬಾಗಿಲೇ ದೊಡ್ಡದಾಯಿತು. ತಿದ್ದದೆ ಹಾಗೇ ಡಬ್ಬಿಗೆ ಹಾಕಿ ಬಂದೆ.