ಚೆಕಿಂಗ್ ಅಕ್ಕ ಬೇಡವೆಂದ ಬೆಡ್‌ಶೀಟ್

ಮೊನ್ನೆ ಆಯುಧಪೂಜೆಗೆ ನಮ್ಮ ಮೆಷಿನ್ ಶಾಪಿನ ಓನರ್ ಎಲ್ಲರಿಗೂ ಸ್ವೀಟ್ ಬಾಕ್ಸಿನ ಜೊತೆ ಒಂದೊಂದು ಬೆಡ್‌ಶೀಟ್ ಕೊಟ್ಟರು. ಮನೆಗೆ ಬಂದು ಕವರ್ ಬಿಚ್ಚಿದ್ದೇ ತಡ, ಗಂಜಿಯ ವಾಸನೆ ಮೂಗಿಗೆ ಬಡಿಯಿತು. ತೆಳು ಬಟ್ಟೆ ದಪ್ಪ ಕಾಣಲಿ ಎಂದು ಹಾಕಿರುತ್ತಾರಲ್ಲ, ಅದೇ ಹುಳಿಹುಳಿ ವಾಸನೆ. ಹೆಂಡತಿ ಅಡುಗೆಮನೆಯಿಂದ ಒಮ್ಮೆ ತಿರುಗಿ ನೋಡಿದಳು. ಇಬ್ಬರಿಗೂ ನೆನಪಾದವರು ಒಬ್ಬರೇ... ಬೊಮ್ಮನಹಳ್ಳಿಯ ವಠಾರದಲ್ಲಿ ನಮ್ಮ ಎದುರುಮನೆಯಲ್ಲಿದ್ದ ಚೆಕಿಂಗ್ ಅಕ್ಕ.

ಅವರು ಬಾಗಲಕೋಟೆ ಕಡೆಯವರು. ಹೊಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುವ ಮುಂಚೆ ಬಟ್ಟೆ ಪರೀಕ್ಷೆ ಮಾಡುವ ಕೆಲಸ. ಅದಕ್ಕೇ ವಠಾರಕ್ಕೆಲ್ಲ ಚೆಕಿಂಗ್ ಅಕ್ಕ. ನಮಗೂ ಅವರಿಗೂ ಮಾತಿರಲಿಲ್ಲ. ಅವರ ಒದ್ದೆ ಬಟ್ಟೆ ನಮ್ಮ ಬಾಗಿಲ ಮುಂದೆ ತೊಟ್ಟಿಕ್ಕುತ್ತದೆ ಎಂದು ಸಿಟ್ಟಿಗೆದ್ದು ನಾನೊಂದು ದಿನ ಹಗ್ಗವನ್ನೇ ಕತ್ತರಿಸಿ ಹಾಕಿದ್ದೆ. ಅವರು ಬಟ್ಟೆಗಳನ್ನು ಮಣ್ಣಿನಿಂದ ಎತ್ತಿಕೊಂಡು ಸುಮ್ಮನೆ ಒಳಗೆ ಹೋಗಿದ್ದರು.

ಆ ಬೇಸಿಗೆಯಲ್ಲಿ ನನ್ನ ಹೆಂಡತಿ ಕುದಿಯುವ ನೀರಿನ ಪಾತ್ರೆಯನ್ನು ಬಚ್ಚಲಿಗೆ ಒಯ್ಯುವಾಗ ಜಾರಿಬಿದ್ದಳು. ಬೆನ್ನು, ಎಡಪಕ್ಕೆ ಸುಟ್ಟುಹೋದವು. ವಾರಗಟ್ಟಲೆ ಆಸ್ಪತ್ರೆ. ಮನೆಗೆ ಕಳಿಸುವಾಗ ಡಾಕ್ಟರು ಎಚ್ಚರಿಸಿದರು: ಹೊಸ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿದೆ, ಮೆತ್ತನೆಯ ಅಪ್ಪಟ ಹತ್ತಿ ಬೆಡ್‌ಶೀಟ್ ಹಾಸಬೇಕು, ಬೆವರು ನಿಲ್ಲಬಾರದು, ಬಟ್ಟೆ ಉಜ್ಜಬಾರದು. ಈ ಚರ್ಮ ಎದ್ದುಬಂದರೆ ತೊಡೆಯ ಚರ್ಮ ತೆಗೆದು ಅಲ್ಲಿಗೆ ಕೂರಿಸಬೇಕಾಗುತ್ತದೆ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಲೇತ್ ಮುಂದೆ ನಿಂತರೆ ಡಿಪ್ಲೊಮಾ ಮಾಡಿದವರೂ ನನ್ನನ್ನೇ ಕೇಳಿ ಕೆಲಸ ಹಿಡಿಯುತ್ತಿದ್ದರು. ಅಳತೆಯೇ ನನ್ನ ಅನ್ನ. ಹಾಗಾಗಿ ಮರುದಿನ ಬೆಳಿಗ್ಗೆ ಬೆಡ್‌ಶೀಟ್ ಅಂಗಡಿಗೂ ತಗಡಿನ ದಪ್ಪ ಅಳೆಯುವ ಮೈಕ್ರೋಮೀಟರ್ ಒಯ್ದೆ. ಅಂಗಡಿಯವನು ಬಾಯಿಬಿಟ್ಟು ನೋಡುತ್ತಿದ್ದ. ಎಷ್ಟೋ ಬಿಡಿಸಿ, ಅಳೆದು, ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿ ತಂದೆ. ದಪ್ಪವಿದ್ದರೆ ಒಳ್ಳೆಯ ಮಾಲು, ಅದು ನನ್ನ ಲೆಕ್ಕ.

ಅವತ್ತೇ ಮಧ್ಯಾಹ್ನ ಅಕ್ಕ ಬಾಳೆಹಣ್ಣು ಹಿಡಿದು ನೋಡಲು ಬಂದರು. ನಾನು ಬೆಡ್‌ಶೀಟ್ ಹಾಸುತ್ತಿದ್ದೆ. ಅವರು ಅದರ ಒಂದು ಮೂಲೆಯನ್ನು ಅಂಗೈಗಳ ನಡುವೆ ಉಜ್ಜಿದರು. ಬಿಳಿ ಪುಡಿ ಉದುರಿತು. ಲೋಟದಿಂದ ಒಂದು ಹನಿ ನೀರು ಬಿಟ್ಟರು. ಅದು ಬಟ್ಟೆಗೆ ಇಳಿಯದೆ ಹಾಗೇ ನಿಂತಿತು.

"ಇದು ಅರಿವಿ ಅಲ್ರೀ ಅಣ್ಣಾರ, ಬರೇ ಗಂಜಿ. ಪಾಲಿಸ್ಟರ್ ಬ್ಯಾರೆ ಕೂಡೈತಿ. ಇದರ ಮ್ಯಾಲ ಮಲಗಿಸಬ್ಯಾಡ್ರಿ."

ಹೆಂಡತಿಯ ಮುಂದೆ ಹೇಳಿಬಿಟ್ಟರಲ್ಲ ಎಂದು ನನಗೆ ಉರಿಯಿತು. "ಕೂದಲೆಳೆ ಅಳೆಯೋ ಕೈ ಇದು. ನಿಮ್ ಗಾರ್ಮೆಂಟ್ಸ್ ಬುದ್ಧಿ ನಂಗೆ ಬೇಡ" ಅಂದೆ. ಅವರು ಎದ್ದುಹೋದರು.

ಅದರ ಮೇಲೆಯೇ ಮಲಗಿಸಿದೆ. ಮೇಲೆ ಕಾದ ಸಿಮೆಂಟ್ ಶೀಟಿನ ಸೂರು. ಹೆಂಡತಿ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ನೋವಾ ಎಂದರೆ ಇಲ್ಲ ಎನ್ನುತ್ತಿದ್ದಳು. ಸಂಜೆ ಮಗ್ಗುಲು ಬದಲಿಸಲು ಎತ್ತಿದೆ... ಬೆವರಿಗೆ ಅಂಟಿದ್ದ ಬಟ್ಟೆಯ ಜೊತೆ ಪಕ್ಕೆಯ ಹೊಸ ಚರ್ಮ ಅಂಗೈಯಗಲ ಕಿತ್ತುಬಂತು.

ಅವಳು ಕೂಗಲಿಲ್ಲ. "ಅಕ್ಕನ್ನ ಕರೀರಿ" ಅಂದಳು, ಅಷ್ಟೇ.

ಆಸ್ಪತ್ರೆಗೆ ಫೋನ್ ಮಾಡಿದೆ. ಬೆಳಿಗ್ಗೆಯೇ ಕರೆತನ್ನಿ, ಅಲ್ಲಿಯವರೆಗೆ ಉಳಿದದ್ದನ್ನಾದರೂ ಕಾಪಾಡಿಕೊಳ್ಳಿ ಎಂದರು. ಎದುರುಮನೆ ಬಾಗಿಲಲ್ಲಿ ನಿಂತೆ. ಅಕ್ಕ ರೊಟ್ಟಿ ತಟ್ಟುತ್ತಿದ್ದರು. ಅವರು ನನ್ನ ಮುಖ ನೋಡಿ ಒಲೆ ಆರಿಸಿದರು. ತಮ್ಮದೊಂದು ಹಳೇ ಸೀರೆಯನ್ನು ಹೆಂಡತಿಯ ಕೆಳಗೆ ಹಾಸಿ, ಇದು ಬಣ್ಣ ಬಿಡುತ್ತದೆ, ಜಾಸ್ತಿ ಹೊತ್ತು ಬೇಡ ಎಂದು ಹೇಳಿ, ಅಂಗಡಿಗೆ ಹೊರಟೇಬಿಟ್ಟರು. ನಾನು ಹಿಂದೆ ಹಿಂದೆ.

ಅದೇ ಅಂಗಡಿ. "ಏನ್ ಗುರು, ಮೀಟರ್ ತರಲಿಲ್ವಾ?" ಅಂದ ಅಂಗಡಿಯವನು. ಕೊಳ್ಳಲು ಬಂದವರೆಲ್ಲ ನಕ್ಕರು. ನಾನು ಬಟ್ಟೆಯನ್ನು ಬೆರಳಿನಿಂದ ಹಿಸುಕಿ ನೋಡಲು ಹೋದಾಗ ಅಕ್ಕ ತಡೆದರು.

"ನಿಮ್ಮ ಕೈ ಕಬ್ಬಿಣ ಹಿಡದು ಹಿಡದು ಜಡ್ಡುಗಟ್ಟ್ಯಾವ್ರಿ. ಅವಕ್ಕ ಅರಿವಿ ತಿಳಿಯಂಗಿಲ್ಲ. ಕಣ್ಣು ಮುಚ್ಚಿ ಮಣಿಕಟ್ಟಿನ ಒಳಗ ಹಚ್ಚಿ ನೋಡ್ರಿ."

ಅಷ್ಟು ಜನರ ಮುಂದೆ ಕಣ್ಣು ಮುಚ್ಚಿದೆ. ಅವರು ಒಂದೊಂದೇ ತಂದು ತಾಗಿಸಿದರು. ಮೊದಲನೆಯದು ಚುಚ್ಚಿತು. ಎರಡನೆಯದು ತಣ್ಣಗಿತ್ತು, ಆದರೆ ಜಾರುತ್ತಿತ್ತು. ಮೂರನೆಯದು ತಾಗಿದ್ದೇ ಗೊತ್ತಾಗಲಿಲ್ಲ. ಇದು ಅಂದೆ. ಕಣ್ಣು ಬಿಟ್ಟರೆ, ಬೆಳಿಗ್ಗೆ ನಾನೇ ಲುಂಗಿ ಬಟ್ಟೆಯಷ್ಟು ತೆಳು ಎಂದು ಪಕ್ಕಕ್ಕೆ ತಳ್ಳಿದ್ದ ಮಾಸಲು ಬಿಳಿಯ ಬೆಡ್‌ಶೀಟ್. ಅಕ್ಕ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೇಯ್ಗೆ ನೋಡಿದರು, ಒಂದು ಹನಿ ನೀರು ಬಿಟ್ಟರು. ಹನಿ ಬಿದ್ದಲ್ಲೇ ಇಂಗಿತು. ಆಗ ತಲೆಯಾಡಿಸಿದರು.

ವಠಾರದ ನಲ್ಲಿಯಲ್ಲಿ ಎಲ್ಲರ ಕಣ್ಣೆದುರು ನಾನೇ ಅದನ್ನು ಮೂರು ಸಲ ಜಾಲಿಸಿದೆ. ಒಣಹಾಕಲು ಹಗ್ಗ ಹುಡುಕಿದೆ. ಅಕ್ಕ ಒಳಗಿಂದ ಹಗ್ಗ ತಂದು ನಮ್ಮ ಬಾಗಿಲ ಮುಂದೆಯೇ ಕಟ್ಟಿದರು. ನಾನು ಕತ್ತರಿಸಿದ್ದ ಕಡೆ ಗಂಟು ಹಾಕಿದ್ದರು. ಸೆಖೆಗೆ ಬೆಡ್‌ಶೀಟ್ ಬೇಗ ಒಣಗಿತು, ಮಲಗುವ ಹೊತ್ತಿಗೆ ಸೀರೆ ತೆಗೆದು ಅದನ್ನು ಹಾಸಿದೆವು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸ್ ಬೆನ್ನು, ಪಕ್ಕೆ ಪರೀಕ್ಷಿಸಿದರು. ಉಳಿದ ಚರ್ಮ ನಿಂತಿತ್ತು. ತೊಡೆಯ ಚರ್ಮ ತೆಗೆಯುವುದು ತಪ್ಪಿತು.

ನನ್ನ ತಪ್ಪನ್ನು ಅಕ್ಕನ ಹತ್ತಿರ ಒಪ್ಪಿಕೊಳ್ಳಬೇಕು ಅಂದುಕೊಂಡೇ ಇದ್ದೆ. ನಾಳೆ ಹೇಳೋಣ, ಹಬ್ಬಕ್ಕೆ ಹೇಳೋಣ... ಅವರ ಗಾರ್ಮೆಂಟ್ಸ್ ಬೇರೆ ಊರಿಗೆ ಹೋಯಿತು. ಅವರು ಮನೆ ಖಾಲಿ ಮಾಡಿದ ದಿನ ನಾನು ಓವರ್‌ಟೈಮಿನಲ್ಲಿದ್ದೆ. ಬಸ್ಸಿಗೆ ಕಳಿಸಿ ಬಂದವಳು ಹೆಂಡತಿ. ಅವರು ತೀರಿಕೊಂಡ ಸುದ್ದಿ ಎಷ್ಟೋ ತಿಂಗಳ ಮೇಲೆ ಬೇರೆಯವರ ಬಾಯಿಂದ ತಿಳಿಯಿತು.

ಈಗ ಹೆಂಡತಿಯ ಬೆನ್ನಿನ ಕಲೆಗಳು ಹೆಚ್ಚುಕಡಿಮೆ ಮಾಸಿವೆ. ಎಡಪಕ್ಕೆಯ ಆ ಅಂಗೈಯಗಲದ ಕಲೆ ಮಾತ್ರ ಉಳಿದಿದೆ. ಅದು ಬಿಸಿನೀರಿನಿಂದ ಬಂತೆಂದೇ ಅವಳು ಎಲ್ಲರಿಗೂ ಹೇಳುತ್ತಾಳೆ. ಹಾಗಲ್ಲ ಎಂದು ಗೊತ್ತಿದ್ದವರು ಮೂವರು. ಈಗ ಇಬ್ಬರು.