ಮಿಲ್ಲಿನ ಹೆಂಗಸರ ಮುಂದೆ ಪಿಸುಮಾತು

ನಿನ್ನೆ ಒಗೆದು ಹಾಕಿದ್ದ ಅಂಗಿಯನ್ನು ಬೆಳಿಗ್ಗೆ ತಂತಿಯಿಂದ ತೆಗೆದಾಗ ಭುಜದ ಮೇಲೆ ಒಂದೆಳೆ ಅರಳೆ ಅಂಟಿತ್ತು. ಹತ್ತಿ ಸುಗ್ಗಿ ಶುರುವಾಗಿದೆ. ಮಾನ್ವಿ, ದೇವದುರ್ಗದ ಕಡೆಯಿಂದ ತುಂಬಿಕೊಂಡು ಬರುವ ಲಾರಿಗಳು ರಾಯಚೂರಿನ ನಮ್ಮ ರಸ್ತೆಯಲ್ಲೇ ಹೋಗುತ್ತವೆ. ಹೋಗುವಾಗ ಬೇವಿನ ಮರಕ್ಕೆ, ಕರೆಂಟಿನ ಕಂಬಕ್ಕೆ, ನಮ್ಮಂಥವರ ಅಂಗಿಗೆ ಚೂರು ಚೂರು ಬಿಟ್ಟು ಹೋಗುತ್ತವೆ. ಅಭ್ಯಾಸಬಲದಿಂದ ಒಳಗೆ ತಿರುಗಿ, "ಅಕ್ಕಾ, ಹತ್ತಿ ಬಂತು ನೋಡು" ಎಂದೆ. ಅಂದ ಮೇಲೆ ನೆನಪಾಯಿತು. ಅಕ್ಕ ತೀರಿಕೊಂಡು ಎರಡು ತಿಂಗಳಾಗಿದೆ.

ನಮ್ಮೂರು ಮಾನ್ವಿ ತಾಲ್ಲೂಕಿನ ಬಾಗಲವಾಡ. ಅಜ್ಜಿಯ ಕಾಲದಲ್ಲಿ ಹೆಂಗಸರು ಪಡಸಾಲೆಯಲ್ಲಿ ಕೂತು, ಕಟ್ಟಿಗೆಯ ಎರಡು ಉರುಳೆಗಳ ನಡುವೆ ಹತ್ತಿ ತೂರಿಸಿ ಬೀಜ ಬೇರೆ ಮಾಡುತ್ತಿದ್ದರಂತೆ. ಮಗು ಅತ್ತರೆ ಏಳುವುದು, ಒಲೆಯ ಮೇಲಿನ ಬೇಳೆ ನೆನಪಾದರೆ ಏಳುವುದು, ಏಳಬೇಕೆನಿಸಿದರೆ ಸುಮ್ಮನೆ ಏಳುವುದು. ಉರುಳೆಯ ಕಿರುಗುಟ್ಟುವಿಕೆಗಿಂತ ಇವರ ಹರಟೆಯ ಗದ್ದಲವೇ ಹೆಚ್ಚು ಎಂದು ಅಜ್ಜ ಬೈಯುತ್ತಿದ್ದನಂತೆ. ಆಮೇಲೆ, ಇನ್ನೂ ನಿಜಾಮರ ಕಾಲದಲ್ಲೇ, ರಾಯಚೂರು ಸ್ಟೇಷನ್ನಿನ ಹತ್ತಿರ ಹತ್ತಿ ಮಿಲ್ಲುಗಳು ಬಂದವು. ಊರಿನ ಹತ್ತಿ ಬೀಜದ ಸಮೇತ ಗಾಡಿ ಏರಿ ಹೋಯಿತು. ಉರುಳೆ ಒಲೆಗೆ ಹೋಯಿತು. ಒಂದು ತಲೆಮಾರು ಕಳೆಯುವುದರೊಳಗೆ ಹತ್ತಿಯ ಹಿಂದೆ ಹೆಂಗಸರೂ ಹೋದರು.

ಅಕ್ಕನೂ ಹಾಗೇ ಹೋದವಳು. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದ, ನಮ್ಮ ಅಪ್ಪ, ಅವ್ವ ಅದಕ್ಕೂ ಮೊದಲೇ ಸತ್ತಿದ್ದರು. ಅಕ್ಕ ನನ್ನ ಕೈ ಹಿಡಿದುಕೊಂಡು ರಾಯಚೂರಿಗೆ ಬಂದು, ಮಿಲ್ಲಿನ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದಳು. ಆ ಓಣಿಗೆ ಸೂರ್ಯ ಲೆಕ್ಕಕ್ಕಿರಲಿಲ್ಲ. ಮಿಲ್ಲಿನ ಭೋಂಗಾ ಕೂಗಿದರೆ ಬೆಳಗು, ಮತ್ತೆ ಕೂಗಿದರೆ ಸಂಜೆ. ಊರಲ್ಲಿ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡದ ಹೆಂಗಸರು ಇಲ್ಲಿ ಒಂದೇ ಸಾಲಿನಲ್ಲಿ ನಿಂತು ಯಂತ್ರಗಳಿಗೆ ಹತ್ತಿ ಉಣಿಸುತ್ತಿದ್ದರು. ಅಕ್ಕನ ಎದುರಿನ ಯಂತ್ರ ಖಾದರ್‌ಬಿಯದು. ಮನೆಯಲ್ಲಿ ದಖ್ಖನಿ ಆಡುವ ಅವಳೂ ಬಾಗಲವಾಡದ ಕನ್ನಡದ ಅಕ್ಕನೂ ಅದು ಹೇಗೆ ಅಷ್ಟು ಗೆಳತಿಯರಾದರು ಎಂದು ನೀವು ಕೇಳಬಹುದು. ಆ ಸದ್ದಿನಲ್ಲಿ ಯಾವ ಭಾಷೆಯೂ ಕೇಳುತ್ತಿರಲಿಲ್ಲ. ತುಟಿ ನೋಡಿಯೇ ಮಾತು. ಅತ್ತೆಯರನ್ನು ಬೈಯುವುದು, ಸಂಬಂಧ ಕುದುರಿಸುವುದು, ಮೇಲ್ವಿಚಾರಕ ಮುಕಾದಮನ ನಡಿಗೆಯನ್ನು ಆಡಿಕೊಳ್ಳುವುದು, ಎಲ್ಲ ಅವನ ಮುಂದೆಯೇ ನಡೆಯುತ್ತಿತ್ತು. ಅವನು ಪಾಪ, ಹೆಂಗಸರು ಬಾಯಿ ಮುಚ್ಚಿ ಕೆಲಸ ಮಾಡುತ್ತಾರೆಂದು ಮಾಲೀಕರ ಮುಂದೆ ಹೊಗಳುತ್ತಿದ್ದ.

ಆದರೆ ಹೊರಗೆ ಬಂದರೆ ಆ ಹೆಂಗಸರ ಗಂಟಲು ಇಳಿಯುತ್ತಿರಲಿಲ್ಲ. ಕಿವಿ ಅರ್ಧ ಹೋಗಿರುತ್ತಿತ್ತು, ತಮ್ಮ ದನಿ ತಮಗೇ ಕೇಳಿಸುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಅಕ್ಕ ಟಿಕೆಟ್ ಕೇಳಿದ ರಭಸಕ್ಕೆ ಕಂಡಕ್ಟರ್, "ಯವ್ವಾ, ನಾ ಇಲ್ಲೇ ಅದೀನಿ, ಯರಗೇರಾದಾಗ ಇಲ್ಲ" ಎಂದ. ಅಕ್ಕ ಬಿಡಲಿಲ್ಲ. "ಇಲ್ಲೇ ಇದ್ದಿ ಅಂದ್ರ ಚಿಲ್ಲರ ಕೊಡಾಕ ಯಾಕ ತಡ?" ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯ ಹೊರಗೆ ಏನೋ ಇದೆ ಎಂಬಂತೆ ನೋಡುತ್ತಿದ್ದೆ.

ಅಕ್ಕನ ದುಡಿಮೆಯಲ್ಲಿ ಓದಿ ನಾನು ಗುಮಾಸ್ತನಾದೆ. ಕಚೇರಿಯಲ್ಲಿ ಮೆಲುದನಿಯ ಜನ. ನಾಲ್ಕು ದಿನದಲ್ಲಿ ನನ್ನ ದನಿಯೂ ಇಳಿಯಿತು, ಅದನ್ನೇ ದೊಡ್ಡಸ್ತಿಕೆ ಎಂದುಕೊಂಡೆ. ಆಗ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಿಂದ ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬಂದರು. ಅಕ್ಕ ಬಾಗಿಲಲ್ಲೇ, "ಬರ್ರಿ! ಕುಂದರ್ರಿ! ಬಿಸಲಾಗ ಬಂದೀರಿ, ನೀರ ಕುಡೀರಿ!" ಎಂದಳು. ಹುಡುಗಿಯ ತಂದೆ ಬೆಚ್ಚಿದರು. ಅಕ್ಕ ಚಹಾ ತರಲು ಒಳಗೆ ಹೋದಳು. ನಾನು ಅವರ ಕಡೆ ಬಾಗಿ, ಪಿಸುದನಿಯಲ್ಲಿ, "ಮಿಲ್ಲಿನಾಗ ಇರಾಕಿರೀ, ದೊಡ್ಡ ಮಂದಿ ಜೋಡಿ ಮಾತಾಡಿ ರೂಢಿ ಇಲ್ಲ" ಎಂದೆ. ತಲೆ ಎತ್ತಿದರೆ ಅಕ್ಕ ಒಳಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದಳು. ನೋಡುತ್ತಿದ್ದದ್ದು ನನ್ನ ತುಟಿಗಳನ್ನು.

ಜಗತ್ತಿನಲ್ಲಿ ಯಾರ ಮುಂದೆ ಬೇಕಾದರೂ ಪಿಸುಗುಟ್ಟಬಹುದಿತ್ತು, ಅವಳೊಬ್ಬಳನ್ನು ಬಿಟ್ಟು.

ಆ ಸಂಬಂಧ ಆಗಲಿಲ್ಲ. ಮುಂದೆ ಯಾವುದೂ ಆಗಲಿಲ್ಲ. ಅಕ್ಕ ಒಂದು ಮಾತೂ ಆಡಿ ತೋರಿಸಲಿಲ್ಲ. ಆದರೆ ಅಂದಿನಿಂದ ನನ್ನ ಜೊತೆ ಮೆಲ್ಲಗೆ ಮಾತಾಡತೊಡಗಿದಳು. ಎಷ್ಟು ಇಳಿಸಬೇಕೆಂದು ಅವಳಿಗೆ ಹೇಗೆ ತಿಳಿಯಬೇಕು? ಎಷ್ಟೋ ಸಲ ತುಟಿ ಮಾತ್ರ ಅಲುಗುತ್ತಿತ್ತು, ದನಿಯೇ ಇರುತ್ತಿರಲಿಲ್ಲ. ಮಿಲ್ಲು ಮುಚ್ಚಿತು, ಅಲ್ಲಿ ಮದುವೆ ಮಂಟಪ ಎದ್ದಿತು, ನಾವು ಬೇರೆ ಮನೆಗೆ ಬಂದೆವು, ನಾನು ನಿವೃತ್ತನಾದೆ. ಇಬ್ಬರೇ ಇರುವ ಮನೆಯಲ್ಲಿ ನಾನು "ಏನು? ಏನಂದಿ?" ಎನ್ನುತ್ತಲೇ ಇದ್ದೆ. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ನನ್ನಿಂದ ಹೊರಡಲಿಲ್ಲ.

ಆಸ್ಪತ್ರೆಯಲ್ಲಿ ಕೊನೆಯ ದಿನ ಅಕ್ಕ ನನ್ನನ್ನು ನೋಡಿ, ತುಟಿ ಅಲುಗಿಸಿ, ಏನೋ ಹೇಳಿದಳು. ಕಿವಿ ಅವಳ ಬಾಯಿಗೆ ಹಚ್ಚಿದೆ, ಬರೀ ಉಸಿರು. ಮತ್ತೊಮ್ಮೆ ಹೇಳಿದಳು. ಕೇಳಲಿಲ್ಲ. ಮೂರನೆಯ ಸಲ ಹೇಳದೆ ಕಣ್ಣು ಮುಚ್ಚಿದಳು. ಎರಡು ತಿಂಗಳಿಂದ ನನ್ನನ್ನು ತಿನ್ನುತ್ತಿರುವುದು ಅದೇ: ಏನಂದಳು?

ಬೆಳಿಗ್ಗೆಯ ಆ ಅಂಗಿ ಹಾಕಿಕೊಂಡವನು ಇವತ್ತು ಖಾದರ್‌ಬಿಯ ಮನೆಗೆ ಹೋದೆ. ಅವಳಿನ್ನೂ ಹಳೆಯ ಓಣಿಯಲ್ಲೇ ಇದ್ದಾಳೆ. ಕಟ್ಟೆಯ ಮೇಲೆ ಕೂತಿದ್ದವಳ ಮುಂದೆ ನಿಂತು, ಅಕ್ಕ ಕೊನೆಗೆ ಏನಂದಳೆಂದು ಕೇಳಿ, ನೆನಪಿದ್ದಂತೆ ಅವಳ ತುಟಿಗಳ ಚಲನೆಯನ್ನು ಮಾಡಿ ತೋರಿಸಿದೆ. ಅರವತ್ತು ದಾಟಿದವನು ನಡುಬೀದಿಯಲ್ಲಿ ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಾಡಿಸುವುದನ್ನು ನೀವು ನೋಡಬೇಕಿತ್ತು.

"ಅರೇ, ಅದ್ಯಾಂಗ ತಿಳೀಬೇಕಲೇ!" ಎಂದು ಖಾದರ್‌ಬಿ ಕೂಗಿದಳು. "ಆಕಿ ತುಟಿ ಆಕಿ ಜೋಡಿ ಹೋದ್ವು. ನಿನ್ನ ಬಾಯಾಗ ನಿನ್ನ ಅಳುನೇ ಕಾಣಾಕತ್ತದ."

"ಆ ಜಾಲಹಳ್ಳಿಯವರು ಬಂದಾಗ ನಾ ಅಂದದ್ದು ನಿನಗ ಹೇಳಿದ್ಲೇನು?"

"ಹೇಳಿದ್ಲು. ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಆಮ್ಯಾಲ ದಿನಾ ನನ್ನ ಮುಂದ ಕುಂತು, 'ಈಗ ಮೆಲ್ಲಗಾತೇನು? ಈಗ?' ಅಂತ ಕಲೀತಿದ್ಲು. ನನಗೂ ಕಿವುಡು, ಆಕಿಗೂ ಕಿವುಡು. ಏನಂತ ಹೇಳಲಿ? ಹ್ಞೂಂ, ಛಲೋ ಆತು ಅಂತಿದ್ದೆ."

ಅವಳು ನಕ್ಕಳು. ನಾನು ತಲೆ ತಗ್ಗಿಸಿದೆ. ಸಿಟ್ಟಿನಿಂದ ದನಿ ತಗ್ಗಿಸಿದಳೆಂದು ಇಷ್ಟು ವರ್ಷ ತಿಳಿದಿದ್ದೆ.

ಅವಳು ನನ್ನ ಗದ್ದ ಹಿಡಿದು ಮುಖ ಎತ್ತಿದಳು. "ಕುಂದರು. ಆವಾಗ ಕಲೀಲಿಲ್ಲ, ಈಗ ಕಲಿ. ಇಲ್ಲಿ ನೋಡು." ತುಟಿ ಅಲುಗಿಸಿದಳು, ದನಿ ತೆಗೆಯದೆ. ತಿಳಿಯಲಿಲ್ಲ. ಮತ್ತೆ ಅಲುಗಿಸಿದಳು. ಮುಂದಕ್ಕೆ ಬಂದು ದುಂಡಾದ ತುಟಿ, ಮೇಲಕ್ಕೆ ಮಡಚಿದ ನಾಲಿಗೆ. ನಾಲ್ಕನೆಯ ಸಲಕ್ಕೆ ಹೊಳೆಯಿತು: ಉಂಡಿಯೇನು?

ಅಕ್ಕ ಹೇಳಿದ್ದೂ ಅದೇ ಎಂದು ನಿಮಗೆ ಹೇಳುವ ಧೈರ್ಯ ನನಗಿಲ್ಲ. ಅದು ನನಗೆ ಎಂದೂ ತಿಳಿಯುವುದಿಲ್ಲ. ನಾನು ಓದಿದ್ದು ಖಾದರ್‌ಬಿಯ ತುಟಿಗಳನ್ನು, ಅಷ್ಟೇ. ದನಿ ತೆಗೆಯದೆ, ತುಟಿಯಲ್ಲೇ ಉತ್ತರ ಕೊಟ್ಟೆ: ಇನ್ನೂ ಇಲ್ಲ.

"ಹಂಗಾರ ಏಳಲೇ, ರೊಟ್ಟಿ ಅದಾವ!" ಎಂದು ಅವಳು ಕೂಗಿದ್ದಕ್ಕೆ ಓಣಿಯ ಆ ತುದಿಯಲ್ಲಿದ್ದವರೂ ತಿರುಗಿ ನೋಡಿದರು. ನಾನು ಅವರನ್ನೇ ನೋಡುತ್ತ, ಅವಳಿಗೆ ಕೇಳುವಷ್ಟು ಜೋರಾಗಿ, "ಬಂದೆ" ಎಂದೆ.